ಓದುಗರ ಪ್ರಶ್ನೆ: ತೋಟೆ ತುಂಬುವ ಸಿಂಗಲ್ ಸ್ಟೇಜ್ ಪ್ರೆಸ್, ಯಾವುದನ್ನು ಯಾಕೆ ಕೊಳ್ಳಬೇಕು?

ಸಿಡಿದ ತೋಟೆಯ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ಬುಡದ ಪುಟ್ಟ ಬಟ್ಟಲು), ಮದ್ದು, ಗುಂಡು ಕೂರಿಸುವುದನ್ನು ರೀಲೋಡಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಗುರಿ ಶೂಟಿಂಗ್ ಮತ್ತು ಬೇಟೆಯ ಅಭ್ಯಾಸ ಇರುವವರು ಇದನ್ನು ಮನೆಯಲ್ಲೇ ಮಾಡುತ್ತಾರೆ. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಡೈ (ಕೇಸನ್ನು ಒತ್ತಿ ಅಳತೆಗೆ ತರುವ ಅಥವಾ ಗುಂಡು ಕೂರಿಸುವ ಅಚ್ಚು), ಹಿಡಿಕೆ ಒಮ್ಮೆ ಎಳೆದರೆ ಒಂದೇ ಕೆಲಸ. ಅಲ್ಲಿನ ಕನ್ನಡಿಗ ಓದುಗರು ಕೇಳಿದ ಪ್ರಶ್ನೆಗಳ ಜೊತೆಗೆ ಕೊಡಗಿನ ಒಂದು ಪ್ರಶ್ನೆಯೂ ಈ ಸಲ ಇದೆ. ಉತ್ತರಗಳಲ್ಲಿ ‘ಥೌ’ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಪೀಣ್ಯದ ವರ್ಕ್‌ಶಾಪಿನಲ್ಲಿ ಹೇಳುವ ಅದೇ ಥೌ.

ಪ್ರಶ್ನೆ: ನನ್ನದು .308 ವಿಂಚೆಸ್ಟರ್ ಬೋಲ್ಟ್ ರೈಫಲ್. ತಿಂಗಳಿಗೆ ನೂರು ತೋಟೆ ಸಾಕು. ಲೀ ಕ್ಲಾಸಿಕ್ ಕಾಸ್ಟ್, ಆರ್‌ಸಿಬಿಎಸ್ ರಾಕ್ ಚಕರ್ ಸುಪ್ರೀಮ್, ಹಾರ್ನಡಿ ಲಾಕ್-ಎನ್-ಲೋಡ್ ಕ್ಲಾಸಿಕ್, ರೆಡಿಂಗ್ ಬಿಗ್ ಬಾಸ್ 2, ಫಾರ್ಸ್ಟರ್ ಕೋ-ಆಕ್ಸ್, ಇವುಗಳಲ್ಲಿ ಯಾವುದು ಒಳ್ಳೆಯದು? ಬೆಲೆ ಹೆಚ್ಚಾದಷ್ಟೂ ಗುರಿ ನಿಖರವಾಗುತ್ತದೆಯೇ?
— ಓದುಗರು, ಆಸ್ಟಿನ್, ಟೆಕ್ಸಾಸ್

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಈ ಐದರಲ್ಲಿ ಯಾವುದೂ .308 ಕೇಸಿಗೆ ಕಡಿಮೆ ಬೀಳುವುದಿಲ್ಲ. ನಿಖರತೆ ಹುಟ್ಟುವುದು ಕೇಸು, ಡೈ, ಲ್ಯೂಬ್ (ಕೇಸಿಗೆ ಸವರುವ ಜಿಡ್ಡು) ಮತ್ತು ಡೈ ಕೂರಿಸುವ ಕೈಯಲ್ಲಿ. ಪ್ರೆಸ್ಸಿನಿಂದ ಪ್ರೆಸ್ಸಿಗೆ ಬದಲಾಗುವ ಸಂಗತಿಗಳು ಮೂರು: ಉರಿದ ಪ್ರೈಮರ್ ಎಲ್ಲಿ ಬೀಳುತ್ತದೆ, ಡೈ ಬದಲಿಸುವುದು ಎಷ್ಟು ಸುಲಭ, ಹಿಡಿಕೆ ಕೆಳಗೆ ಬಂದಾಗ ಚೌಕಟ್ಟು ಎಷ್ಟು ಬಿಗಿಯಾಗಿ ನಿಲ್ಲುತ್ತದೆ.

ಕೊಡುವ ದುಡ್ಡಿಗೆ ಹೆಚ್ಚು ಸಿಗುವುದು ಲೀ ಕ್ಲಾಸಿಕ್ ಕಾಸ್ಟ್‌ನಲ್ಲಿ. ಬೀಡು ಕಬ್ಬಿಣದ ‘ಓ’ ಆಕಾರದ ಚೌಕಟ್ಟು, ಕೇಸನ್ನು ಡೈಯೊಳಕ್ಕೆ ತಳ್ಳುವ, 1-1/8 ಇಂಚು ದಪ್ಪದ ರ‍್ಯಾಮ್. ರ‍್ಯಾಮ್ ಒಳಗೆ ಟೊಳ್ಳು. ಉರಿದ ಪ್ರೈಮರ್ ಅದರೊಳಗಿಂದಲೇ ಇಳಿದು ಪ್ಲಾಸ್ಟಿಕ್ ಕೊಳವೆ ಸೇರುತ್ತದೆ. ಹಿಡಿಕೆಯ ಉದ್ದ ಕಡಿಮೆ ಮಾಡಿಕೊಳ್ಳಬಹುದು, ಎಡಗೈಯವರು ಎಡಕ್ಕೂ ಹಾಕಿಕೊಳ್ಳಬಹುದು. ಮೇಲಿನ ಬುಷ್ ತೆಗೆದರೆ 1-1/4-12 ಥ್ರೆಡ್ಡಿನ ದೊಡ್ಡ ಡೈಗಳೂ ಕೂರುತ್ತವೆ. ಲೀ ಡೈಗಳ ಜೊತೆ ಬರುವ ರಬ್ಬರ್ ಓ-ರಿಂಗಿನ ಲಾಕ್ ನಟ್ ಮಾತ್ರ ಡೈ ತೆಗೆದು ಹಾಕುವಾಗ ಸ್ವಲ್ಪ ಸರಿದುಬಿಡುತ್ತದೆ. ಹಾರ್ನಡಿ ಅಥವಾ ಫಾರ್ಸ್ಟರ್ ಕಂಪನಿಯ, ಸ್ಕ್ರೂ ಬಿಗಿದು ಹಿಡಿಯುವ ರಿಂಗ್ ಹಾಕಿದರೆ ಆ ತೊಂದರೆ ತೀರುತ್ತದೆ.

ರಾಕ್ ಚಕರ್ ಹೆಸರಿನ ಮೂಲ ಕಂಪನಿಯ ಹೆಸರಲ್ಲೇ ಇದೆ. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಶುರು ಮಾಡಿದ ಆರ್‌ಸಿಬಿಎಸ್ ಎಂದರೆ ‘ರಾಕ್ ಚಕ್ ಬುಲೆಟ್ ಸ್ವೇಜ್’. ಸುಪ್ರೀಮ್ ಮಾದರಿ ತೂಕದ ಪ್ರೆಸ್. ದೊಡ್ಡ ಮ್ಯಾಗ್ನಮ್ ಕೇಸುಗಳನ್ನೂ ದಣಿಯದೆ ಎಳೆಯುತ್ತದೆ. ಅದರ ಒಂದೇ ಕೊರತೆ ಪ್ರೈಮರ್ ತಟ್ಟೆ. ಉರಿದ ಪ್ರೈಮರ್ ರ‍್ಯಾಮಿನ ಸೀಳಿನಿಂದ ಹೊರಬಂದು ಮುಂದಿನ ತಟ್ಟೆಗೆ ಬೀಳಬೇಕು. ಕೆಲವು ತಪ್ಪಿ ನೆಲಕ್ಕೆ ಬೀಳುತ್ತವೆ. ಜೊತೆಗೆ ಅದರ ಮಸಿ ರ‍್ಯಾಮ್ ಮೇಲೆ ಉದುರುತ್ತದೆ. ಆ ಮಸಿ ಮರಳಿನಷ್ಟು ಒರಟು, ಎಣ್ಣೆಯೊಂದಿಗೆ ಸೇರಿ ರ‍್ಯಾಮನ್ನು ಉಜ್ಜುತ್ತದೆ. ಪ್ರತಿ ನೂರು ಕೇಸಿಗೊಮ್ಮೆ ರ‍್ಯಾಮ್ ಮೇಲೆತ್ತಿ ಬಟ್ಟೆಯಿಂದ ಒರೆಸಿ, ಒಂದು ಹನಿ ಎಣ್ಣೆ ಸವರಿ. ಇದೇ ಕಂಪನಿಯ ರೆಬೆಲ್ ಮಾದರಿಯಲ್ಲಿ ಪ್ರೈಮರ್ ರ‍್ಯಾಮ್ ಒಳಗಿಂದಲೇ ಇಳಿಯುತ್ತದೆ.

ಹಾರ್ನಡಿಯ ಗುಣ ಅದರ ಬುಷಿಂಗ್. ಪ್ರತಿ ಡೈಗೂ ಒಂದೊಂದು ಬುಷಿಂಗ್ ಹಾಕಿಟ್ಟರೆ, ಬೈಯೊನೆಟ್ ಬಲ್ಬಿನ ಹಾಗೆ ಸ್ವಲ್ಪ ತಿರುಗಿಸಿದರೆ ಡೈ ಹೊರಗೆ. .308 ಜೊತೆಗೆ ಇನ್ನೆರಡು ಕ್ಯಾಲಿಬರ್ ತುಂಬುವವರಿಗೆ ಇದು ದೊಡ್ಡ ಅನುಕೂಲ, ಒಂದೇ ಕ್ಯಾಲಿಬರಿನವರಿಗೆ ಅಷ್ಟೇನಿಲ್ಲ. ಕ್ಲಾಸಿಕ್ ಮಾದರಿಯ ಚೌಕಟ್ಟು ಬೀಡು ಕಬ್ಬಿಣದ್ದಲ್ಲ, ಮಿಶ್ರಲೋಹದ್ದು. .308ಕ್ಕೆ ಅದು ಧಾರಾಳ ಸಾಕು.

ಬಿಗ್ ಬಾಸ್ 2ರಲ್ಲಿ ಚೌಕಟ್ಟು 36 ಡಿಗ್ರಿ ಓರೆಯಾಗಿದೆ. ಕೇಸ್ ಇಡುವ ಕೈಗೂ ನೋಡುವ ಕಣ್ಣಿಗೂ ಅಡ್ಡ ಬರುವುದಿಲ್ಲ. ದಿನಕ್ಕೆ ಇನ್ನೂರು ಕೇಸ್ ಎಳೆಯುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಪ್ರೈಮರ್ ರ‍್ಯಾಮ್ ಒಳಗಿಂದ ಇಳಿಯುತ್ತದೆ.

ಕೋ-ಆಕ್ಸ್ ಬೇರೆ ಜಾತಿ. ಎರಡು ಕಂಬಗಳ ನಡುವೆ ಕೆಲಸ, ಹಿಡಿಕೆ ನೆತ್ತಿಯ ಮೇಲೆ. ಡೈಯನ್ನು ತಿರುಗಿಸಿ ಹಾಕುವುದಿಲ್ಲ, ಲಾಕ್ ರಿಂಗ್ ಸಮೇತ ಸೀಳಿನೊಳಕ್ಕೆ ಜಾರಿಸುವುದು. ಶೆಲ್ ಹೋಲ್ಡರ್ (ಕೇಸಿನ ಬುಡ ಹಿಡಿಯುವ ಬಿಲ್ಲೆ) ಬದಲು ಕೇಸಿನ ಅಂಚನ್ನು ತಾನೇ ಹಿಡಿಯುವ ದವಡೆ ಇದೆ. ಡೈ ಕೊಂಚ ತೇಲುವುದರಿಂದ ಕೇಸ್ ತನ್ನ ನಡುವನ್ನು ತಾನೇ ಹುಡುಕಿಕೊಳ್ಳುತ್ತದೆ. ಬಹಳ ನಾಜೂಕಾದ ಯಂತ್ರ. ಆದರೆ ಲೀ ಕಂಪನಿಯ ಲಾಕ್ ನಟ್ ಆ ಸೀಳಿಗೆ ಹೊಂದುವುದಿಲ್ಲ. ಪ್ರತಿ ಡೈಗೂ ಫಾರ್ಸ್ಟರ್ ರಿಂಗ್ ಕೊಳ್ಳುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಚಿನ ಮೇಲ್ಗಡೆ ಶೆಲ್ಫ್ ಇದ್ದರೆ ಹಿಡಿಕೆ ತಗುಲುತ್ತದೆ.

ನಿಮ್ಮ ಲೆಕ್ಕಕ್ಕೆ ಲೀ ಕ್ಲಾಸಿಕ್ ಕಾಸ್ಟ್ ಕೊಳ್ಳಿ. ಉಳಿಯುವ ಹಣದಲ್ಲಿ ಒಳ್ಳೆಯ ತಕ್ಕಡಿ, ಕ್ಯಾಲಿಪರ್ ಮತ್ತು ಕೇಸಿನ ಭುಜದ (ಮೈ ಸಣ್ಣಗಾಗಿ ಕುತ್ತಿಗೆ ಸೇರುವ ಇಳಿಜಾರು) ಅಳತೆ ನೋಡಲು ಕ್ಯಾಲಿಪರಿಗೆ ಹಾಕುವ ಕಂಪ್ಯಾರೇಟರ್ ಬರುತ್ತವೆ. ಶೆಲ್ ಹೋಲ್ಡರ್ ನಂಬರ್ ಕಂಪನಿಗೊಂದು ಇರುತ್ತದೆ: .308ಕ್ಕೆ ಲೀಯಲ್ಲಿ 2, ಆರ್‌ಸಿಬಿಎಸ್‌ನಲ್ಲಿ 3, ಹಾರ್ನಡಿ ಮತ್ತು ರೆಡಿಂಗ್‌ನಲ್ಲಿ 1. ನಂಬರ್ ನೋಡಿ ತರಿಸಿ.

ಪ್ರಶ್ನೆ: 6.5 ಕ್ರೀಡ್‌ಮೂರ್ ಕೇಸುಗಳನ್ನು ಡೈಯಲ್ಲಿ ಎಳೆದ ಮೇಲೂ ಹತ್ತರಲ್ಲಿ ಮೂರು ರೈಫಲಿನಲ್ಲಿ ಬಿಗಿಯಾಗುತ್ತವೆ, ಬೋಲ್ಟ್ (ರೈಫಲಿನ ಚಿಲಕ) ಒತ್ತಿ ಮುಚ್ಚಬೇಕು. ಡೈ ಜೊತೆ ಬಂದ ಕಾಗದದಲ್ಲಿ ಹೇಳಿದಂತೆ ಶೆಲ್ ಹೋಲ್ಡರಿಗೆ ತಾಗಿಸಿಯೇ ಡೈ ಕೂರಿಸಿದ್ದೇನೆ. ಪ್ರೆಸ್ ಕೆಟ್ಟಿದೆಯೇ?
— ಓದುಗರು, ಫೀನಿಕ್ಸ್, ಅರಿಜೋನ

ಉತ್ತರ: ಪ್ರೆಸ್ ಕೆಟ್ಟಿಲ್ಲ. ಖಾಲಿ ಪ್ರೆಸ್ಸಿನಲ್ಲಿ ಡೈ ತಾಗುವುದು ಬೇರೆ, ಒಳಗೆ ಕೇಸ್ ಇರುವಾಗ ತಾಗುವುದು ಬೇರೆ. ಕೇಸ್ ಒಳಹೋಗುವ ಒತ್ತಡಕ್ಕೆ ಚೌಕಟ್ಟು ತುಸು ಹಿಗ್ಗುತ್ತದೆ, ಕೀಲುಗಳ ಸಡಿಲವೂ ಸೇರುತ್ತದೆ. ಇದನ್ನು ಕಣ್ಣಿನಿಂದಲೇ ನೋಡಬಹುದು. ಲ್ಯೂಬ್ ಹಚ್ಚಿದ ಕೇಸ್ ಹಾಕಿ, ಹಿಡಿಕೆ ಪೂರ್ತಿ ಎಳೆದು ಹಾಗೇ ಹಿಡಿದುಕೊಳ್ಳಿ. ಪ್ರೆಸ್ಸಿನ ಹಿಂದೆ ಟಾರ್ಚ್ ಇಟ್ಟು, ಶೆಲ್ ಹೋಲ್ಡರಿನ ಮೇಲ್ಮೈಗೂ ಡೈಯ ಅಡಿಗೂ ನಡುವೆ ಸಮಮಟ್ಟದಲ್ಲಿ ಕಣ್ಣಿಟ್ಟು ನೋಡಿ. ಕೂದಲೆಳೆಯಷ್ಟು ಬೆಳಕಿನ ಗೆರೆ ಕಂಡರೆ, ಅಷ್ಟು ಮಟ್ಟಿಗೆ ಕೇಸ್ ಡೈಯೊಳಗೆ ಹೋಗಿಲ್ಲ ಎಂದರ್ಥ. ಭುಜ ಅಷ್ಟು ಮುಂದೆ ಉಳಿದಿದೆ.

ಎಷ್ಟು ತಿರುಗಿಸಬೇಕು ಎಂಬುದಕ್ಕೆ ಲೆಕ್ಕವಿದೆ. ಡೈಯ ಥ್ರೆಡ್ 7/8-14, ಅಂದರೆ ಇಂಚಿಗೆ 14 ಸುತ್ತು. ಒಂದು ಪೂರ್ತಿ ಸುತ್ತಿಗೆ ಸುಮಾರು 71 ಥೌ, ಎಂಟನೇ ಒಂದು ಸುತ್ತಿಗೆ 9 ಥೌ, ಒಂದು ಥೌ ಬೇಕಾದರೆ ಬರೀ 5 ಡಿಗ್ರಿ. ಹಾಗಾಗಿ ಡೈಯ ಮೇಲೂ ಪ್ರೆಸ್ಸಿನ ಮೇಲೂ ಮಾರ್ಕರಿನಿಂದ ಒಂದೊಂದು ಗೆರೆ ಎಳೆದುಕೊಂಡು, ಗೆರೆಯ ದಪ್ಪದಷ್ಟೇ ಸರಿಸುತ್ತ ಹೋಗಿ. ಪ್ರತಿ ಸಲವೂ ಕಂಪ್ಯಾರೇಟರ್ ಹಾಕಿದ ಕ್ಯಾಲಿಪರಿನಿಂದ ಕೇಸಿನ ಬುಡದಿಂದ ಭುಜದವರೆಗೆ ಅಳೆಯಿರಿ. 6.5 ಕ್ರೀಡ್‌ಮೂರಿಗೂ .308ಕ್ಕೂ ಕಂಪ್ಯಾರೇಟರಿನಲ್ಲಿ 0.400 ಇಂಚು ತೂತಿನ ಬಿಲ್ಲೆ (ಇನ್ಸರ್ಟ್). ಅದೇ ರೈಫಲಿನಲ್ಲಿ ಸಿಡಿದ ಕೇಸಿಗಿಂತ ಭುಜ 1ರಿಂದ 2 ಥೌ ಹಿಂದೆ ಹೋದರೆ ಬೋಲ್ಟ್ ರೈಫಲಿಗೆ ಸರಿ. ಸೆಮಿ ಆಟೊಮ್ಯಾಟಿಕ್‌ಗೆ 3ರಿಂದ 5 ಇರಲಿ. ಅದಕ್ಕಿಂತ ಹಿಂದೆ ತಳ್ಳಿದರೆ ಬೋಲ್ಟ್ ಬೆಣ್ಣೆಯಂತೆ ಮುಚ್ಚುತ್ತದೆ, ಆದರೆ ಪ್ರತಿ ಹೊಡೆತಕ್ಕೂ ಕೇಸ್ ಹಿಗ್ಗಿ ಬುಡದ ಮೇಲ್ಗಡೆ ತೆಳುವಾಗುತ್ತದೆ. ಅಲ್ಲಿ ಹೊಳೆಯುವ ಉಂಗುರದಂಥ ಗೆರೆ ಕಂಡ ದಿನ ಆ ಕೇಸನ್ನು ಬಿಸಾಡಿ. ಅದು ರೈಫಲಿನ ಚೇಂಬರ್ (ತೋಟೆ ಕೂರುವ ಜಾಗ) ಒಳಗೆ ಎರಡು ತುಂಡಾಗುವ ಕೇಸು.

ಹತ್ತರಲ್ಲಿ ಮೂರು ಮಾತ್ರ ಬಿಗಿ ಎಂದಿದ್ದೀರಿ, ಇದನ್ನು ಗಮನಿಸಬೇಕು. ಡೈ ತಪ್ಪಾಗಿದ್ದರೆ ಹತ್ತೂ ಬಿಗಿಯಾಗುವುದು ಹೆಚ್ಚು. ಕೆಲವು ಮಾತ್ರ ಆದರೆ ಲ್ಯೂಬ್ ಒಂದೇ ಸಮ ಹತ್ತಿಲ್ಲ, ಇಲ್ಲವೇ ಹಲವು ಸಲ ಸಿಡಿದು ಹಿತ್ತಾಳೆ ಗಟ್ಟಿಯಾಗಿ, ಡೈಯಿಂದ ಹೊರಬಂದ ಮೇಲೆ ಮತ್ತೆ ಹಿಗ್ಗುತ್ತಿದೆ. ಒಂದೇ ಕಂಪನಿಯ, ಒಂದೇ ಸಲ ಕೊಂಡ, ಅಷ್ಟೇ ಸಲ ಸಿಡಿದ ಕೇಸುಗಳನ್ನು ಬೇರೆ ಡಬ್ಬಿಯಲ್ಲಿಟ್ಟುಕೊಳ್ಳಿ. ಹಿಡಿಕೆ ಕೆಳಗೆ ಬಂದಲ್ಲಿ ಮೂರು ನಾಲ್ಕು ಸೆಕೆಂಡ್ ನಿಲ್ಲಿಸಿ. ಅಳತೆಯ ಏರಿಳಿತ ಕಡಿಮೆಯಾಗುತ್ತದೆ.

ಖಾಲಿ ಕೇಸ್ ಸಲೀಸಾಗಿ ಹೋಗಿ, ಗುಂಡು ಕೂರಿಸಿದ ಮೇಲೆ ಮಾತ್ರ ಬಿಗಿಯಾದರೆ ತಪ್ಪು ಗುಂಡು ಕೂರಿಸುವ ಸೀಟಿಂಗ್ ಡೈಯಲ್ಲಿ. ಡೈ ಬಹಳ ಕೆಳಗಿದ್ದು, ಒಳಗಿನ ಕ್ರಿಂಪ್ ಅಂಚು ಕೇಸಿನ ಬಾಯಿ ಒತ್ತಿ ಭುಜವನ್ನು ಉಬ್ಬಿಸಿದೆ. ರ‍್ಯಾಮ್ ಮೇಲಿಟ್ಟು ಡೈ ಕೇಸಿನ ಬಾಯಿಗೆ ತಾಗುವವರೆಗೆ ಇಳಿಸಿ, ಅಲ್ಲಿಂದ ಒಂದು ಪೂರ್ತಿ ಸುತ್ತು ಹಿಂದೆ ತನ್ನಿ. ಗುಂಡಿನ ಆಳವನ್ನು ನಡುವಿನ ಕಡ್ಡಿಯಿಂದ ಹೊಂದಿಸಿ.

ಪ್ರಶ್ನೆ: ಕೇಸ್ ಡೈಯೊಳಗೆ ಸಿಕ್ಕಿಕೊಂಡಿದೆ. ಜೋರಾಗಿ ಎಳೆದಾಗ ಅಂಚೇ ಕಿತ್ತು ಬಂತು. ಸುತ್ತಿಗೆಯಿಂದ ಹೊಡೆಯಬಹುದೇ?
— ಓದುಗರು, ರಾಲಿ, ನಾರ್ತ್ ಕ್ಯಾರೊಲಿನಾ

ಉತ್ತರ: ಹೊಡೆಯಬೇಡಿ. ಹಳೆಯ ಪ್ರೈಮರ್ ತಳ್ಳುವ ಡೀಕ್ಯಾಪ್ ಕಡ್ಡಿ ಬಾಗುತ್ತದೆ, ಡೈ ಗೀರಾಗುತ್ತದೆ. ಮೊದಲು ಮೇಲಿನ ನಟ್ ಸಡಿಲಿಸಿ ಕಡ್ಡಿಯನ್ನು ಆದಷ್ಟು ಮೇಲಕ್ಕೆ ತಿರುಗಿಸಿ. ಡೈಯನ್ನು ಪ್ರೆಸ್ಸಿನಿಂದ ತೆಗೆದು, ಬುಡ ಮೇಲಾಗಿ ವೈಸ್‌ಗೆ ಕಟ್ಟಿ. ಪ್ರೈಮರ್ ಗುಳಿಯ ನಡುವೆ 7ನೇ ನಂಬರಿನ ಡ್ರಿಲ್ ಹಾಕಿ ತೂತು ಮಾಡಿ. ಒಳಗಿನ ಕಡ್ಡಿಗೆ ತಾಗದಂತೆ ನಿಧಾನಕ್ಕೆ. ಆಮೇಲೆ 1/4-20 ಟ್ಯಾಪ್ ಹಾಯಿಸಿ. ಕೇಸಿನ ಬುಡಕ್ಕಿಂತ ಅಗಲ ಬಾಯಿಯ ಬಟ್ಟಲು ಅಥವಾ ದಪ್ಪ ನಟ್ ಒಂದನ್ನು ಡೈ ಮೇಲೆ ಬೋರಲು ಹಾಕಿ, ವಾಷರ್ ಇಟ್ಟು 1/4-20 ಬೋಲ್ಟ್ ಬಿಗಿಯುತ್ತ ಹೋದರೆ ಕೇಸ್ ತಾನಾಗಿ ಮೇಲೆದ್ದು ಬರುತ್ತದೆ. ಇದೇ ಸಾಮಾನು ಸ್ಟಕ್ ಕೇಸ್ ರಿಮೂವರ್ ಎಂಬ ಕಿಟ್ ಆಗಿ ಸಿಗುತ್ತದೆ.

ಕಾರಣ ಹೆಚ್ಚಿನ ಸಲ ಲ್ಯೂಬ್. ಸ್ಪ್ರೇ ಹೊಡೆದ ತಕ್ಷಣ ಎಳೆಯಬಾರದು. ಅದರಲ್ಲಿನ ಆಲ್ಕೋಹಾಲ್ ಆರಿ, ಮೈಮೇಲೆ ಜಿಡ್ಡು ಉಳಿಯಲು ಕೆಲವು ನಿಮಿಷ ಬಿಡಿ. ಮೇಣದಂಥ ಲ್ಯೂಬ್ ಆದರೆ ಬೆರಳ ತುದಿಗೆ ಅಂಟುವಷ್ಟೇ ತೆಗೆದು, ಬುಡದ ಕಡೆಯ ಅರ್ಧ ಭಾಗಕ್ಕೆ ಚೆನ್ನಾಗಿ ಸವರಿ, ಸಿಕ್ಕಿಬೀಳುವುದು ಅಲ್ಲೇ. ಭುಜಕ್ಕೆ ಹೆಚ್ಚು ಹಚ್ಚಿದರೆ ಜಿಡ್ಡಿಗೆ ಹೋಗಲು ಜಾಗವಿಲ್ಲದೆ ಹಿತ್ತಾಳೆಯಲ್ಲಿ ಗುಳಿ ಬೀಳುತ್ತದೆ. ಮುಖ್ಯವಾಗಿ, ಅರ್ಧ ದಾರಿಯಲ್ಲಿ ಹಿಡಿಕೆ ತಡೆದರೆ ಅಲ್ಲೇ ನಿಲ್ಲಿಸಿ. ಮೆಲ್ಲನೆ ಹಿಂದೆ ತಂದು, ಮತ್ತೆ ಲ್ಯೂಬ್ ಹಚ್ಚಿ ಎಳೆಯಿರಿ. ಅಲ್ಲಿಂದ ಮುಂದಕ್ಕೆ ಒತ್ತಿದರೆ ಸಿಗುವುದು ಇದೇ ಸ್ಥಿತಿ.

ಪ್ರಶ್ನೆ: ಬಾಡಿಗೆ ಮನೆ. ಗೋಡೆಗಾಗಲೀ ನೆಲಕ್ಕಾಗಲೀ ಮೊಳೆ ಹೊಡೆಯುವಂತಿಲ್ಲ. ಪ್ರೆಸ್ ಎಲ್ಲಿ ಕೂರಿಸಲಿ?
— ಓದುಗರು, ಸಿಯಾಟಲ್

ಉತ್ತರ: ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಅಂಟಿಸಿದ ಹಲಗೆಗೆ ಪ್ರೆಸ್ಸನ್ನು ಬೋಲ್ಟಿನಿಂದ ಬಿಗಿಯಿರಿ. ಅಡಿಯಲ್ಲಿ ಅಗಲ ವಾಷರ್ ಅಥವಾ ಕಬ್ಬಿಣದ ಪಟ್ಟಿ ಇರಲೇಬೇಕು. ಬರೀ ಮರದ ಸ್ಕ್ರೂ ಹಾಕಿದರೆ ದಿನ ಕಳೆದಂತೆ ಕಿತ್ತು ಬರುತ್ತದೆ. ಆ ಹಲಗೆಯನ್ನು ಭಾರದ ಮೇಜಿಗೆ ಎರಡು ಸಿ-ಕ್ಲಾಂಪ್‌ನಿಂದ ಕಟ್ಟಿ, ಅದೂ ಮೇಜಿನ ಕಾಲು ಇರುವ ಮೂಲೆಯಲ್ಲಿ. ನಡುಭಾಗದಲ್ಲಿ ಕಟ್ಟಿದರೆ ಪ್ರತಿ ಎಳೆತಕ್ಕೂ ಹಲಗೆ ಬಾಗುತ್ತದೆ, ಹಿಡಿಕೆ ಎಲ್ಲಿ ತಡೆಯುತ್ತಿದೆ ಎಂಬ ಸೂಚನೆ ಕೈಗೆ ತಿಳಿಯುವುದಿಲ್ಲ. ಪ್ರೆಸ್ಸಿನ ಮುಂಭಾಗ ಮೇಜಿನ ಅಂಚಿನಿಂದ ಹೊರಗಿರಲಿ, ಕೀಲುಗಳು ಕೆಳಗೆ ಓಡಾಡಬೇಕು.

ಪ್ರಶ್ನೆ: ಗುಂಡು ಕೂರಿಸಿದ ತೋಟೆಯನ್ನು ಉರುಳಿಸಿ ನೋಡಿದರೆ ತುದಿ ಓಲಾಡುತ್ತದೆ. ಗೇಜಿನಲ್ಲಿ 6 ಥೌ ತೋರಿಸುತ್ತಿದೆ. ಕೋ-ಆಕ್ಸ್ ಕೊಂಡರೆ ಸರಿಹೋಗುವುದೇ?
— ಓದುಗರು, ಡೆನ್ವರ್

ಉತ್ತರ: ಕೊಳ್ಳುವ ಮುಂಚೆ ತಪ್ಪು ಯಾವ ಹಂತದಲ್ಲಿ ಹುಟ್ಟುತ್ತಿದೆ ಎಂದು ಪತ್ತೆ ಮಾಡಿ. ಐದು ಕೇಸ್ ತೆಗೆದುಕೊಂಡು, ಸಿಡಿದ ಹಾಗೇ ಇರುವಾಗ ಕುತ್ತಿಗೆಯನ್ನು ಅಳೆಯಿರಿ. 1 ಥೌ ಆಸುಪಾಸು ಬರಬೇಕು. ನಂತರ ಎಕ್ಸ್‌ಪಾಂಡರ್ ಗುಂಡಿ (ಕುತ್ತಿಗೆಯನ್ನು ಒಳಗಿನಿಂದ ಅಗಲಿಸುವುದು) ಇರುವ ಕಡ್ಡಿಯನ್ನು ಪೂರ್ತಿ ಬಿಚ್ಚಿಟ್ಟು ಡೈಯಲ್ಲಿ ಎಳೆದು ಅಳೆಯಿರಿ. ಆಮೇಲೆ ಕಡ್ಡಿ ಹಾಕಿ ಮತ್ತೆ ಎಳೆದು ಅಳೆಯಿರಿ. ಕೊನೆಗೆ ಗುಂಡು ಕೂರಿಸಿ ಅಳೆಯಿರಿ. ಸಂಖ್ಯೆ ಎಲ್ಲಿ ನೆಗೆಯುತ್ತದೋ ಅಲ್ಲೇ ರೋಗ.

ಬಹಳ ಸಲ ಅದು ಕಡ್ಡಿ ಹಾಕಿದ ಹಂತ. ಒಣ ಕುತ್ತಿಗೆಯಿಂದ ಗುಂಡಿ ಹೊರಬರುವಾಗ ಕಿರ್ ಎನ್ನುವ ಸದ್ದು ಬರುತ್ತದೆ. ಆ ಎಳೆತಕ್ಕೆ ಕುತ್ತಿಗೆ ಒಂದು ಕಡೆಗೆ ವಾಲುತ್ತದೆ. ಕುತ್ತಿಗೆಯ ಒಳಗೆ ನೈಲಾನ್ ಬ್ರಷ್ಷಿನಿಂದ ತುಸು ಲ್ಯೂಬ್ ಅಥವಾ ಒಣ ಗ್ರಾಫೈಟ್ ಸವರಿ. ಲಾಕ್ ನಟ್ ಸಡಿಲವಾಗಿಟ್ಟು, ಗುಂಡಿ ಕುತ್ತಿಗೆಯೊಳಗೆ ಇರುವಾಗ ನಟ್ ಬಿಗಿಯಿರಿ. ಕಡ್ಡಿ ನಡುವಿಗೆ ಬಂದು ನಿಲ್ಲುತ್ತದೆ. ಶೆಲ್ ಹೋಲ್ಡರನ್ನು ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ ತೆಗೆದು, ಆ ತೋಡಿನಲ್ಲಿ ರಬ್ಬರ್ ಓ-ರಿಂಗ್ ಹಾಕಿದರೆ ಹೋಲ್ಡರ್ ಸ್ವಲ್ಪ ತೇಲುತ್ತದೆ. ಕೋ-ಆಕ್ಸ್ ಮಾಡುವ ಕೆಲಸದ ಒಂದು ಪಾಲು ಕೆಲವೇ ಸೆಂಟಿನ ರಬ್ಬರಿನಲ್ಲಿ ಸಿಗುತ್ತದೆ.

ತಪ್ಪು ಗುಂಡು ಕೂರಿಸುವ ಹಂತದಲ್ಲೇ ಇದ್ದರೆ, ಕೇಸಿನ ಬಾಯಿಯ ಒಳ ಅಂಚನ್ನು ಚೇಂಫರ್ ಮಾಡಿದ್ದೀರಾ ನೋಡಿ. .308 ಕೇಸ್ ಆದರೆ ಉದ್ದ 2.015 ಇಂಚು ಮೀರಿದ ಕೂಡಲೇ 2.005ಕ್ಕೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಒಳ ಅಂಚು ಕತ್ತಿಯ ಅಲಗಿನಂತಿರುತ್ತದೆ. ಅದನ್ನು ನಯಗೊಳಿಸದೆ ಬಿಟ್ಟರೆ ಗುಂಡಿನ ಮೈ ಕೆತ್ತಿ ಓರೆಯಾಗಿ ಕೂರುತ್ತದೆ. ಗುಂಡನ್ನು ಅರ್ಧ ಒತ್ತಿ, ಕೇಸನ್ನು ಅರ್ಧ ಸುತ್ತು ತಿರುಗಿಸಿ ಪೂರ್ತಿ ಒತ್ತುವುದೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಹೊಸಬರಿಗೆ ನೇರವಾಗಿ ಪ್ರೊಗ್ರೆಸಿವ್ ಪ್ರೆಸ್ (ಹಿಡಿಕೆಯ ಒಂದೇ ಎಳೆತಕ್ಕೆ ಹಲವು ಹಂತ ಮುಗಿಸುವುದು) ಆಗದೇ?
— ಓದುಗರು, ಚಿಕಾಗೊ

ಉತ್ತರ: ಪಿಸ್ತೂಲಿಗೆ ವಾರಕ್ಕೆ ಐನೂರು ಬೇಕಿದ್ದರೂ ಮೊದಲ ಕೆಲವು ನೂರು ತೋಟೆಗಳನ್ನು ಸಿಂಗಲ್ ಸ್ಟೇಜ್‌ನಲ್ಲೇ ತುಂಬಿ. ಇದರಲ್ಲಿ ಗಂಟೆಗೆ ಐವತ್ತು ಆದರೆ ಹೆಚ್ಚು. ಆದರೆ ಪ್ರತಿ ಹಂತದ ಕೊನೆಗೂ ಐವತ್ತು ಕೇಸ್ ಮರದ ಬ್ಲಾಕಿನಲ್ಲಿ ಸಾಲಾಗಿ ನಿಂತಿರುತ್ತವೆ, ಮದ್ದು ಹಾಕಿದ ಮೇಲೆ ಟಾರ್ಚ್ ಬಿಟ್ಟು ಒಂದೇ ನೋಟಕ್ಕೆ ಎಲ್ಲದರ ಮಟ್ಟ ನೋಡಬಹುದು. ಒಂದರಲ್ಲಿ ಮದ್ದು ಇಲ್ಲದಿದ್ದರೆ ಗುಂಡು ನಳಿಕೆಯಲ್ಲೇ ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಒಡೆಯುತ್ತದೆ. ಮದ್ದು ಎರಡು ಸಲ ಬಿದ್ದಿದ್ದರೆ ಕೋವಿಯೇ ಸಿಡಿಯಬಹುದು. ಮದ್ದಿನ ತೂಕ ಮುದ್ರಿತ ಲೋಡ್ ಪುಸ್ತಕದಿಂದಲೇ ಬರಲಿ, ಅದರಲ್ಲಿ ಕೊಟ್ಟ ಕನಿಷ್ಠ ಪ್ರಮಾಣದಿಂದಲೇ ಶುರು ಮಾಡಿ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಪ್ರೈಮರ್ ಗುಳಿಯ ಅಂಚಿಗಿಂತ 3ರಿಂದ 5 ಥೌ ಒಳಗೆ ಕೂರಬೇಕು. ಬೆರಳು ಸವರಿದರೆ ತಗ್ಗು ತಿಳಿಯುತ್ತದೆ. ಪ್ರೈಮರ್ ಕೂರಿಸುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪ್ರೆಸ್ ಅಂಗಡಿಯಲ್ಲಿ ಯಾರಿಗೂ ಕೊಡುತ್ತಾರೆ. ತೋಟೆ ತುಂಬಬಹುದೇ?
— ಓದುಗರು, ನ್ಯೂ ಜೆರ್ಸಿ

ಉತ್ತರ: ಪ್ರೆಸ್ ಬರೀ ಕಬ್ಬಿಣ, ಅದನ್ನು ಕೊಳ್ಳಬಹುದು. ತೋಟೆ ಹಾಗಲ್ಲ. ಅಮೆರಿಕದ ಫೆಡರಲ್ ಕಾನೂನು, ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲೀ ತೋಟೆಯನ್ನಾಗಲೀ ಹೊಂದುವುದನ್ನು ನಿಷೇಧಿಸುತ್ತದೆ. ನೀವೇ ತುಂಬಿದ್ದೂ ತೋಟೆಯೇ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೆ ರಾಜ್ಯದ ಕಾನೂನು ಬೇರೆ ನೋಡಬೇಕು. ಇದು ವೀಸಾವನ್ನೇ ಕಳೆಯಬಲ್ಲ ವಿಷಯ, ವಕೀಲರನ್ನು ಕೇಳದೆ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸದು. ಸ್ವಂತ ಬಳಕೆಗೆ ತುಂಬಲು ಫೆಡರಲ್ ಲೈಸೆನ್ಸ್ ಬೇಡ, ಮಾರುವ ವ್ಯವಹಾರಕ್ಕೆ ಇಳಿದರೆ ಬೇಕು.

ಪ್ರಶ್ನೆ: ನಮ್ಮದು ಜಮ್ಮಾ (ಕೊಡಗಿನ ಪಾರಂಪರಿಕ ಹಿಡುವಳಿ) ಮನೆ. ತೋಟೆ ಕೋವಿಗೆ ಕಾರ್ಟ್ರಿಜ್ ದುಬಾರಿಯಾಗಿದೆ. ಅಮೆರಿಕದಲ್ಲಿರುವ ಅಣ್ಣನ ಮಗ ಪ್ರೆಸ್ ತಂದುಕೊಡುತ್ತೇನೆ ಎನ್ನುತ್ತಾನೆ. ನಮಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ತರಿಸಬಹುದೇ?
— ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ತರಿಸಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದ್ದು, ಕೋವಿ ಇಟ್ಟುಕೊಳ್ಳುವ ಮತ್ತು ಒಯ್ಯುವ ಲೈಸೆನ್ಸಿಗೆ ಸಂಬಂಧಿಸಿದ್ದು. ತೋಟೆ ತಯಾರಿಕೆ ಅದರಲ್ಲಿ ಬರುವುದಿಲ್ಲ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆ ಲೈಸೆನ್ಸ್ ಬೇಕು. ಅದೇ ಕಾಯ್ದೆ ಮದ್ದುಗುಂಡು ಎಂಬ ಪದದೊಳಗೆ ಅದರ ಬಿಡಿಭಾಗ ಮತ್ತು ತಯಾರಿಸುವ ಯಂತ್ರವನ್ನೂ ಸೇರಿಸುತ್ತದೆ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ನಿಮ್ಮ ಅಣ್ಣನ ಮಗನಿಗೂ ಹೇಳಿ: ಮದ್ದು ಮತ್ತು ಪ್ರೈಮರನ್ನು ವಿಮಾನದ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ.

ಇನ್ನೊಂದು ಮಾತು, ಕೇಪಿನ ಕೋವಿಯಾಗಲೀ 12 ಬೋರ್ ತೋಟೆ ಕೋವಿಯಾಗಲೀ, ಮೇಲೆ ಹೇಳಿದ ಪ್ರೆಸ್ಸುಗಳು ಅವಕ್ಕೆ ಸಂಬಂಧವೇ ಇಲ್ಲದವು. ಅವು ಹಿತ್ತಾಳೆ ಕೇಸಿನ ರೈಫಲ್, ಪಿಸ್ತೂಲ್ ತೋಟೆಗಳಿಗೆ. ಚರೆ ತೋಟೆಗೆ ಅಮೆರಿಕದಲ್ಲಿ ಎಮ್‌ಇಸಿ ಕಂಪನಿಯ 600 ಜೂನಿಯರ್‌ನಂಥ ಬೇರೆಯೇ ಯಂತ್ರ ಬಳಸುತ್ತಾರೆ. ನಿಮ್ಮ ಕೋವಿಗೆ ಲೈಸೆನ್ಸ್ ಇರುವ ಅಂಗಡಿಯ ಕಾರ್ಟ್ರಿಜ್ ಒಂದೇ ದಾರಿ.

ಪ್ರಶ್ನೆ: ಮದ್ದು, ಪ್ರೈಮರ್ ಗ್ಯಾರೇಜಿನಲ್ಲಿ ಇಡಬಹುದೇ? ಮನೆಯಲ್ಲಿ ಮೂರು ವರ್ಷದ ಮಗು ಇದೆ.
— ಓದುಗರು, ಡಲ್ಲಾಸ್

ಉತ್ತರ: ಬೇಸಿಗೆಯಲ್ಲಿ ಡಲ್ಲಾಸಿನ ಗ್ಯಾರೇಜ್ ಒಲೆಯಾಗುತ್ತದೆ, ಮನೆಯೊಳಗೆ ತಂಪಾದ, ಒಣ, ಬೀಗ ಹಾಕುವ ಮರದ ಕಪಾಟಿನಲ್ಲಿಡಿ. ಅಮೆರಿಕದ ಅಗ್ನಿಸುರಕ್ಷೆಯ ಎನ್‌ಎಫ್‌ಪಿಎ 495 ಸಂಹಿತೆಯಂತೆ, ಮನೆಯಲ್ಲಿ ಹೊಗೆರಹಿತ ಮದ್ದು 20 ಪೌಂಡ್‌ವರೆಗೆ ಅದರ ಮೂಲ ಡಬ್ಬಿಯಲ್ಲೇ ಇರಬೇಕು. 20ರಿಂದ 50 ಪೌಂಡ್ ಆದರೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000 ಮೀರಬಾರದು. ಅವನ್ನು ಗಾಜಿನ ಬಾಟಲಿಗೆ ಸುರಿಯುವ ಅಭ್ಯಾಸ ಕೆಲವರಿಗಿದೆ, ಅದು ಬಾಂಬ್ ಮಾಡಿದಂತೆ. ಬಂದ ಪೆಟ್ಟಿಗೆಯಲ್ಲೇ, ಮದ್ದಿನಿಂದ ದೂರ ಇರಲಿ. ಉರಿದ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಪ್ರೆಸ್ ಇರುವ ಕೋಣೆಯಲ್ಲಿ ಕಾಫಿ, ತಿಂಡಿ ಬೇಡ. ಉದುರಿದ ಮಸಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಗುವನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಾಕಿ ಕೈ ತೊಳೆದು, ಅಂಗಿಯನ್ನೂ ಬದಲಿಸಿ.